ಹೂಂ ಗಿರಾಕಿಯ ಕೋಟು

ಕೋಟು ನನ್ನ ಮೈಮೇಲಿತ್ತು. ಅದರ ಎಡತೋಳು ಕಂಕುಳಲ್ಲಿ ಹಿಡಿಯುತ್ತಿತ್ತು. ಕೈ ಎತ್ತಿದರೆ ಇಡೀ ಕೋಟೇ ನನ್ನ ಜೊತೆ ಮೇಲಕ್ಕೆ ಬರುತ್ತಿತ್ತು. ಅಮ್ಮ ಕುತ್ತಿಗೆಗೆ ಟೇಪು ನೇತುಹಾಕಿಕೊಂಡು, ತುಟಿಯ ನಡುವೆ ಗುಂಡುಪಿನ್ನು ಕಚ್ಚಿಕೊಂಡು, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ನಿಂತಿದ್ದಳು.

"ಎಲ್ಲಾದ್ರೂ ಹಿಡಿಯುತ್ತಾ?"

"ಇಲ್ಲ."

"ಕುತ್ತಿಗೆ?"

"ಸರಿಯಿದೆ."

"ತೋಳು?"

"ಹೂಂ, ಸರಿಯಿದೆ."

ಅಮ್ಮ ಬೆನ್ನ ಹಿಂದೆ ಬಂದು ಸೀಮೆಸುಣ್ಣದಲ್ಲಿ ಏನೋ ಗೀಟು ಎಳೆದಳು, ಕೋಟನ್ನು ಬಿಡಿಸಿಕೊಂಡಳು, ಕತ್ತರಿಸುವ ದೊಡ್ಡ ಮೇಜಿನ ಮೇಲೆ ಹರವಿದಳು. ಬೂದು ಬಣ್ಣದ ಉಣ್ಣೆಬಟ್ಟೆ. ಬೆಕ್ಕಿನ ಹೊಟ್ಟೆಯಷ್ಟು ಮೆತ್ತಗೆ. ಅಂಥ ಬಟ್ಟೆ ನಮ್ಮ ಅಂಗಡಿಗೆ ಬರುವುದೇ ಅಪರೂಪ. ಆದರೂ ಅದನ್ನು ಕಂಡಾಗಲೆಲ್ಲ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ. ಅದು ಹಿಮ ಬೀಳುವ ಸೀಮೆಗೆ ಹೋಗುವವಳ ಕೋಟು. ನನಗೆ ಹಿಮ ಬೀಳುವ ಸೀಮೆಗೆ ಹೋಗಲು ಇಷ್ಟವಿರಲಿಲ್ಲ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಡೈರಿಯೊಂದಕ್ಕೆ ಬಿಟ್ಟು. ಡೈರಿಯಲ್ಲಿ ನಾನು ಮಹಾ ವಾಚಾಳಿ. ಅಲ್ಲಿ ಜಗಳ ಆಡುತ್ತೇನೆ, ಎದುರು ಉತ್ತರ ಕೊಡುತ್ತೇನೆ, ಕೆಲವೊಮ್ಮೆ ಗೆದ್ದೂ ಬಿಡುತ್ತೇನೆ. ಪುಸ್ತಕ ಮುಚ್ಚಿದ ಕೂಡಲೇ ಬಾಯಿಯೂ ಮುಚ್ಚಿಕೊಳ್ಳುತ್ತದೆ.

ವಿಷಯ ಇಷ್ಟೇ. ಪದವಿ ಮುಗಿಸಿದವರನ್ನು ಒಂದು ವರ್ಷ ಹೊರದೇಶಕ್ಕೆ ಕಳಿಸುವ ಸಂಸ್ಥೆಯೊಂದಕ್ಕೆ ನಾನು ಅರ್ಜಿ ಹಾಕಿದ್ದೆ. ಊಟ, ವಸತಿ, ಕೈಖರ್ಚು ಅವರದು, ದುಡಿಮೆ ನಮ್ಮದು. ನನ್ನ ಆಯ್ಕೆಯೂ ಆಗಿತ್ತು. ಉಳಿದದ್ದು ಒಂದೇ: ಆ ದೇಶದ ಯಾವ ಸೀಮೆ ಬೇಕು ಎಂದು ನಾನೇ ಆರಿಸಿ ತಿಳಿಸಬೇಕು. ಉತ್ತರದ ಗುಡ್ಡಸೀಮೆ ಎಂದರೆ ಹಿಮ, ಒಂದಕ್ಕೊಂದು ದೂರದ ಮನೆಗಳು, ಪುಟ್ಟ ಗ್ರಂಥಾಲಯವೊಂದರಲ್ಲಿ ಪುಸ್ತಕ ಜೋಡಿಸುವ ಕೆಲಸ. ದಕ್ಷಿಣದ ಬಂದರುಸೀಮೆ ಎಂದರೆ ಬಿಸಿಲು, ಹಡಗು, ಮಾರುಕಟ್ಟೆ, ಬಂದರಿನ ಕೂಲಿಯವರಿಗೆ ಊಟ ಬೇಯಿಸುವ ದೊಡ್ಡ ಅಡುಗೆಮನೆಯಲ್ಲಿ ಕೆಲಸ. ಭಾನುವಾರ ಸಂಜೆಯೊಳಗೆ ಕಂಪ್ಯೂಟರಿನಲ್ಲಿ ಒಂದನ್ನು ಒತ್ತಬೇಕು. ಒಮ್ಮೆ ಒತ್ತಿದರೆ ಮುಗಿಯಿತು, ಬದಲಾಯಿಸುವ ಹಾಗಿಲ್ಲ.

ಸುದ್ದಿ ಬಂದ ದಿನ ಅತ್ತೆ ನಮ್ಮ ಮನೆಯಲ್ಲೇ ಇದ್ದರು. ಅತ್ತೆ ಎಂದರೆ ಅಪ್ಪನ ಅಕ್ಕ. ಪಕ್ಕದ ಬೀದಿಯಲ್ಲಿ ಒಬ್ಬರೇ ಇರುತ್ತಾರೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದೆ ಕೂತು ಒಬ್ಬೊಬ್ಬರನ್ನಾಗಿ ಕೂಗಿ ಒಳಗೆ ಕಳಿಸುವುದು ಅವರ ಕೆಲಸ. ಅವರ ಗಂಟಲು ಕೇಳಿಯೇ ಅರ್ಧ ಜನರ ಹಲ್ಲುನೋವು ಹೋಗುತ್ತದೆ ಎಂದು ಅಪ್ಪ ಹೇಳುತ್ತಾರೆ. ಮನೆಯಲ್ಲಿ ಅವರ ಹೆಸರು ಲೌಡ್‌ಸ್ಪೀಕರ್.

"ಇದ್ರಲ್ಲಿ ಯೋಚ್ನೆ ಮಾಡೋಕೇನಿದೆ?" ಎಂದಿದ್ದರು ಅತ್ತೆ, ಕನ್ನಡಕವನ್ನು ಹಣೆಗೇರಿಸಿ. "ಇವಳನ್ನ ಆ ಬಂದರಿನ ಸಂತೆಗೆ ಬಿಟ್ರೆ ತರಕಾರಿ ಜೊತೆ ತೂಕಕ್ಕೆ ಹಾಕಿ ಮಾರಿಬಿಡ್ತಾರೆ. ಇವಳು ಆಗ್ಲೂ ಏನೂ ಅನ್ನಲ್ಲ, ತಕ್ಕಡೀಲಿ ಸುಮ್ನೆ ಕೂತಿರ್ತಾಳೆ. ಗುಡ್ಡಸೀಮೆನೇ ಇವಳಿಗೆ ಸರಿ. ಜನ ಕಮ್ಮಿ, ಪುಸ್ತಕ ಜಾಸ್ತಿ. ಅಲ್ವೇನೇ?"

"ಹೂಂ," ಎಂದೆ.

ಹೂಂ ಅನ್ನುವುದು ನನಗೆ ಸೀನು ಬಂದ ಹಾಗೆ. ಬೇಡ ಬೇಡ ಅಂದುಕೊಳ್ಳುವಷ್ಟರಲ್ಲಿ ಬಂದುಹೋಗಿರುತ್ತದೆ.

ಅಲ್ಲಿಗೇ ನಿಂತಿದ್ದರೂ ಆಗುತ್ತಿತ್ತು. ಮರುದಿನ ಬೆಳಿಗ್ಗೆ ಅತ್ತೆ ಒಂದು ಪೊಟ್ಟಣ ಎದೆಗವಚಿಕೊಂಡು ಅಂಗಡಿಗೆ ಬಂದರು. ಬಿಚ್ಚಿದರೆ ನುಸಿಗುಳಿಗೆಯ ವಾಸನೆಯ ಜೊತೆ ಈ ಬೂದು ಬಟ್ಟೆ. "ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ತಗೊಂಡಿದ್ದು. ಕೋಟು ಹೊಲಿಸ್ಕೊಂಡು ಎಲ್ಲಾದ್ರೂ ಚಳಿ ಊರಿಗೆ ಹೋಗ್ಬೇಕು ಅಂತಿತ್ತು. ಎಲ್ಲಿ ಹೋದೆ ನಾನು? ಕ್ಲಿನಿಕ್ಕಿಗೆ ಹೋದೆ. ಇವಳಾದ್ರೂ ಹಾಕ್ಕೊಳ್ಲಿ." ಅಷ್ಟು ಹೇಳಿ, ಅಪರೂಪಕ್ಕೆ, ದನಿ ತಗ್ಗಿಸಿ, ಬಟ್ಟೆಯನ್ನು ಒಮ್ಮೆ ಸವರಿ ಅಮ್ಮನ ಕೈಗಿತ್ತರು.

ಅದಾದ ಮೇಲೆ ನಾನು ಹೇಗೆ ಬೇಡ ಅನ್ನಲಿ?

ಬಂದರು ಯಾಕೆ ಬೇಕು ಎಂದು ಕೇಳಿದ್ದರೆ ಬಹುಶಃ ಆಗಲೂ ನನಗೆ ಹೇಳಲು ಬರುತ್ತಿರಲಿಲ್ಲ. ಡೈರಿಯಲ್ಲಿ ಬರೆದದ್ದು ಹೀಗೆ: ನಾನು ಬೆಳೆದದ್ದು ಆ ಕತ್ತರಿಸುವ ಮೇಜಿನ ಕೆಳಗೆ. ಮೇಲೆ ಕತ್ತರಿಯ ಕಚಕಚ, ಪಕ್ಕದಲ್ಲಿ ಮೂರು ಮಷಿನ್ನು, ಬಾಗಿಲಲ್ಲಿ ಗಿರಾಕಿಗಳ ಗಲಾಟೆ. ಅಷ್ಟು ಸದ್ದಿನ ನಡುವೆ ನಾನು ಬಟ್ಟೆಯ ಚೂರುಗಳ ಮೇಲೆ ಕೂತು ಗಂಟೆಗಟ್ಟಲೆ ಆಡುತ್ತಿದ್ದೆ. "ಯಾಕೆ ಮಾತಾಡಲ್ಲ?" ಎಂದು ಯಾರೂ ಕೇಳುತ್ತಿರಲಿಲ್ಲ. ಎಲ್ಲರೂ ಮಾತಾಡುವ ಕಡೆ ಮಾತಾಡದವಳಿಗೂ ಒಂದು ಜಾಗ ಇರುತ್ತದೆ. ನಾಲ್ಕೇ ಜನ ಇರುವ ಕಡೆ ಹಾಗಲ್ಲ. ಅಲ್ಲಿ ಮೂವರು ಮಾತು ಮುಗಿಸಿ ನಾಲ್ಕನೆಯವಳ ಮುಖ ನೋಡುತ್ತಾರೆ. ಹಿಮ ಸುರಿಯುವ ಊರಿನ ನಿಶ್ಶಬ್ದ ಗ್ರಂಥಾಲಯದಲ್ಲಿ, ಒಲೆಯ ಮುಂದೆ, ಯಾರೋ ಒಬ್ಬ ಒಳ್ಳೆಯ ಹೆಂಗಸು ನನ್ನ ಮಾತಿಗಾಗಿ ವರ್ಷವಿಡೀ ಕಾಯುತ್ತಾ ಕೂತಿರುವುದನ್ನು ನೆನೆಸಿಕೊಂಡರೆ ನನಗೆ ಬೆವರುತ್ತಿತ್ತು. ಅದಕ್ಕಿಂತ ಬಂದರಿನ ಅಡುಗೆಮನೆ ವಾಸಿ. ಪಾತ್ರೆ ಸದ್ದು ಮಾಡುತ್ತದೆ, ಜನ ಕೂಗಾಡುತ್ತಾರೆ, ನಾನು ಈರುಳ್ಳಿ ಹೆಚ್ಚುತ್ತೇನೆ. ಮಾತು ಬಂದ ದಿನ ಆಡುತ್ತೇನೆ.

ಇಷ್ಟನ್ನೆಲ್ಲ ಬರೆದು, ಓದಿ, ಸರಿಯಿದೆ ಎಂದುಕೊಂಡು, ಕೋಟಿನ ಟ್ರಯಲ್ಲಿಗೆ ಹೋಗಿ ನಿಲ್ಲುತ್ತಿದ್ದೆ.

ಇನ್ನೊಂದು ಸೋಜಿಗವಿತ್ತು. ಅಮ್ಮನ ಕೈ ತಪ್ಪಿದ್ದನ್ನು ನಾನು ನೋಡಿಯೇ ಇಲ್ಲ. ಗಿರಾಕಿ ಬಾಗಿಲಲ್ಲಿ ನಿಂತಿದ್ದಾಗಲೇ ಸೊಂಟದ ಅಳತೆ ಹೇಳುವವಳು ಅವಳು. ನನ್ನ ಅಳತೆ ಅವಳಿಗೆ ನನಗಿಂತ ಗೊತ್ತು. ಅಂಥವಳು ಎಡಗಂಕುಳು ಬಿಗಿ ಮಾಡಿದ್ದಾಳೆ, ಎರಡನೇ ಟ್ರಯಲ್ಲಿಗೂ ಅಲ್ಲೇ ಬಿಗಿ. ಪಾಪ, ದಿನವಿಡೀ ಕೆಲಸ, ಕಣ್ಣೂ ಮೊದಲಿನ ಹಾಗಿಲ್ಲ. ಅದನ್ನು ಎತ್ತಿ ತೋರಿಸುವುದಾದರೂ ಹೇಗೆ? ನಮ್ಮ ಅಂಗಡಿಯಲ್ಲಿ ಕತ್ತರಿ ಮತ್ತು ಪರದೆಯ ಹಿಂದಿನ ಟ್ರಯಲ್ಲು ಅಮ್ಮನವು. ನನ್ನದು ಗುಂಡಿ, ಕಾಜ, ಅಂಚು. ಗುಂಡಿ ಹಾಕುವವಳು ಕತ್ತರಿಗೆ ಬುದ್ಧಿ ಹೇಳುವುದೇ?

ಗಡುವಿಗೆ ಒಂದೇ ದಿನ ಉಳಿದಿದ್ದ ಶನಿವಾರ ಸಂಜೆ, ಎರಡನೇ ಟ್ರಯಲ್ ಮುಗಿದ ಮೇಲೆ, ಅಪ್ಪನಿಗಾದರೂ ಹೇಳೋಣ ಎಂದು ಹೊರಟೆ. ಅಪ್ಪ ಊರೊಳಗಿನ ಬಸ್ಸಿನ ಡ್ರೈವರು. ಬಸ್‌ಸ್ಟಾಪಿನಲ್ಲಿ ಕಾದು ಅವರದೇ ಬಸ್ಸು ಹತ್ತಿ, ಅವರ ಹಿಂದಿನ ಸೀಟಿನಲ್ಲಿ ಕೂತೆ. ನನ್ನ ಕಣ್ಣೆದುರಿಗೇ ಫಲಕ: ಚಾಲಕರೊಂದಿಗೆ ಮಾತನಾಡಬೇಡಿ. ಅಪ್ಪ ಆ ಫಲಕಕ್ಕೆ ಬಹಳ ಮರ್ಯಾದೆ ಕೊಡುವವರು. ಹೆಂಡತಿ ಹತ್ತಿದರೂ ಕನ್ನಡಿಯಲ್ಲೇ ತಲೆಯಾಡಿಸಿ ಸುಮ್ಮನಾಗುತ್ತಾರೆ. ಹಾಗಾಗಿ ಕೊನೆಯ ನಿಲ್ದಾಣದವರೆಗೂ ಬಾಯಲ್ಲಿ ಮಾತು ಇಟ್ಟುಕೊಂಡು ಕೂತಿದ್ದೆ. ಬಸ್ಸು ಖಾಲಿಯಾಯಿತು. ಅಪ್ಪ ಎಂಜಿನ್ ನಿಲ್ಲಿಸಿ ಹಿಂದೆ ತಿರುಗಿದರು.

"ಏನಮ್ಮ, ಕನ್ನಡೀಲಿ ನೋಡ್ತಾನೇ ಇದ್ದೀನಿ. ನೀರಿಂದ ತೆಗೆದ ಮೀನಿನ ಥರ ಬಾಯಿ ತೆರೀತೀಯ, ಮುಚ್ತೀಯ."

"ಏನಿಲ್ಲಪ್ಪ. ಸುಮ್ನೆ ಬಂದೆ."

"ಸುಮ್ನೆ ಬಸ್ಸು ಹತ್ತೋರು ಯಾರಿದ್ದಾರೆ?" ಅಪ್ಪ ಸೀಟಿನ ಕೆಳಗಿಂದ ಫ್ಲಾಸ್ಕು ತೆಗೆದು ಮುಚ್ಚಳಕ್ಕೆ ಚಹಾ ಬಗ್ಗಿಸಿ ನನಗೆ ಕೊಟ್ಟರು. "ಇವತ್ತು ಬೆಳಿಗ್ಗೆ ಒಬ್ರು ಹತ್ತಿದ್ರು. ಟೋಪಿ, ಕೈಯಲ್ಲಿ ಬ್ಯಾಗು, ಒಳ್ಳೆ ದೊಡ್ಡ ಮನುಷ್ಯ. ಆಸ್ಪತ್ರೆಗೆ ಹೋಗ್ಬೇಕಿತ್ತಂತೆ. ನನ್ನ ಬಸ್ಸು ಆಸ್ಪತ್ರೆ ಕಡೆ ತಿರುಗೋದೇ ಇಲ್ಲ. ಎರಡನೇ ಸ್ಟಾಪಲ್ಲೇ ಅವರಿಗೆ ಗೊತ್ತಾಗಿದೆ. ಆದ್ರೂ ಇಲ್ಲೀತನಕ ಬಂದಿದ್ದಾರೆ. ಯಾಕೆ ಸ್ವಾಮಿ ಇಳೀಲಿಲ್ಲ ಅಂದ್ರೆ, ಎಲ್ರ ಮುಂದೆ ಎದ್ದು ತಪ್ಪು ಬಸ್ಸು ಅನ್ನೋಕೆ ನಾಚಿಕೆ ಆಯ್ತು ಅಂದ್ರು."

"ಆಮೇಲೆ?"

"ಆಮೇಲೇನು, ವಾಪಸ್ ಕರ್ಕೊಂಡು ಹೋದೆ. ಗಂಟೆ ಬಾರಿಸಿದ್ರೆ ನಾನೇನು ಬಸ್ಸು ನಿಲ್ಸಲ್ಲ ಅಂತಿದ್ನಾ?" ಅಪ್ಪ ಮುಚ್ಚಳ ಇಸಕೊಂಡು ಒರೆಸಿದರು. "ಸರಿ, ನಡಿ, ಬಸ್ಸು ತಿರುಗಿಸ್ಬೇಕು. ಮಾತೇನಿದ್ರೂ ಅಮ್ಮನ ಹತ್ರ ಹೇಳು. ಅವಳಂಗಡೀಲಿ ಇಂಥ ಬೋರ್ಡಿಲ್ಲ."

ಮನೆಯವರೆಗೂ ಆ ಟೋಪಿಯ ಮನುಷ್ಯ ನನ್ನ ಪಕ್ಕದಲ್ಲೇ ಕೂತಿದ್ದ ಹಾಗಿತ್ತು.

ಭಾನುವಾರ ಅಂಗಡಿಗೆ ರಜೆ. ಬಾಗಿಲಿನ ಶಟರು ಅರ್ಧಕ್ಕೆ ಇಳಿದಿತ್ತು. ಕಿಟಕಿಯಿಂದ ಬಂದ ಬಿಸಿಲು ಮೇಜಿನ ಮೇಲೆ ಚಾಪೆಯಂತೆ ಬಿದ್ದಿತ್ತು. ಮಧ್ಯಾಹ್ನ ಅತ್ತೆ ಬರುವವರಿದ್ದರು. ಎಲ್ಲರ ಎದುರಿಗೆ, ಅಂಗಡಿಯ ಕಂಪ್ಯೂಟರಿನಲ್ಲಿ ಸೀಮೆ ಒತ್ತುವುದು, ಆಮೇಲೆ ಕೋಟು ತೊಟ್ಟು ಒಂದು ಫೋಟೋ. ಇದು ಅವರೇ ಹಾಕಿದ ಯೋಜನೆ.

ನಾನು ಹೋದಾಗ ಅಮ್ಮ ಮಷಿನ್ನಿಗೆ ಬೂದು ನೂಲು ಪೋಣಿಸುತ್ತಿದ್ದಳು. ಅದನ್ನು ಕಂಡು ಬಾಗಿಲ ಬಳಿಯೇ ನಿಂತುಬಿಟ್ಟೆ. ಈವರೆಗೆ ಕೋಟು ನಿಂತಿದ್ದದ್ದು ಉದ್ದುದ್ದದ ಬಿಳಿ ನೂಲಿನ ಕಚ್ಚಾ ಹೊಲಿಗೆಯ ಮೇಲೆ. ಟ್ರಯಲ್ ನೋಡುವವರೆಗೆ ಬಟ್ಟೆ ಬಿಡಿಯಾಗದಿರಲಿ ಎಂದು ಕೈಯಲ್ಲಿ ಹಾಕುವ ಹೊಲಿಗೆ ಅದು, ಎಳೆದರೆ ಬಂದುಬಿಡುತ್ತದೆ. ಮಷಿನ್ ಓಡಿದ ಮೇಲೆ ಹಾಗಲ್ಲ. ಒಳಗಿನ ಹೆಚ್ಚಿನ ಬಟ್ಟೆ ಕತ್ತರಿಸುತ್ತಾರೆ, ಲೈನಿಂಗ್ ಮುಚ್ಚುತ್ತಾರೆ. ಆಮೇಲೆ ಅದು ನನ್ನ ಕೋಟು. ಆಮೇಲೆ ನಾನು ಗುಡ್ಡಸೀಮೆಯವಳು.

"ಹಾಕ್ಕೋ," ಎಂದಳು ಅಮ್ಮ. "ಇದೇ ಕೊನೇ ಟ್ರಯಲ್ಲು. ಸರಿಯಿದ್ರೆ ಈಗ್ಲೇ ಮಷಿನ್ನಿಗೆ ಹಾಕಿಬಿಡ್ತೀನಿ."

ಹಾಕಿಕೊಂಡೆ. ಕನ್ನಡಿಯಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಅದೇ ಕಷ್ಟ.

"ಎಲ್ಲಾದ್ರೂ ಹಿಡಿಯುತ್ತಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಬೀದಿಯಲ್ಲಿ ಬಸ್ಸೊಂದು ಹೋಯಿತು. ಅಪ್ಪನದಲ್ಲ, ಬೇರೆ ಯಾರದೋ. ಒಳಗಿದ್ದವರು ಯಾರೋ ಗಂಟೆ ಬಾರಿಸಿದರು.

"ಕಂಕುಳಲ್ಲಿ," ಎಂದೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ. "ಎಡಗಡೆ. ಹಿಡಿಯುತ್ತೆ."

ಅಮ್ಮ ಬಾಯಿಂದ ಪಿನ್ನು ತೆಗೆದಳು. "ಹೂಂ. ಇನ್ನೇನು?"

"ಕಾಲರು ಚುಚ್ಚುತ್ತೆ."

"ಇನ್ನೇನು?"

"ಭಾರ."

"ಇನ್ನೇನು?"

"ಸೆಕೆ ಆಗುತ್ತೆ." ಇನ್ನು ನಿಲ್ಲುವ ಹಾಗಿರಲಿಲ್ಲ. "ಅಮ್ಮ, ಇದು ಬೇಡ. ಗುಡ್ಡಸೀಮೆ ಬೇಡ. ನನಗೆ ಬಂದರಿಗೆ ಹೋಗ್ಬೇಕು. ಮೊದಲಿಂದ್ಲೂ ಬಂದರಿಗೇ. ಅತ್ತೆ ಕೇಳಿದಾಗ ಹೂಂ ಅಂದ್ಬಿಟ್ಟೆ, ಆಮೇಲೆ ಬಟ್ಟೆ ಬಂತು, ನೀನು ಕತ್ತರಿ ಹಾಕ್ದೆ, ಇಷ್ಟೊಂದು ದಿನದ ಕೆಲ್ಸ…"

ಅಮ್ಮ ಹತ್ತಿರ ಬಂದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ನನ್ನ ಭುಜದ ಬಳಿ ಬಿಳಿ ನೂಲಿನ ತುದಿ ಹುಡುಕಿ ಸರ್ರನೆ ಎಳೆದಳು. ಎಡತೋಳು ಪೂರ್ತಿ ಕಳಚಿ ಅವಳ ಕೈಗೆ ಬಂತು. ಒಂದು ತೋಳಿನ ಕೋಟಿನಲ್ಲಿ ನಾನು ಕನ್ನಡಿಯ ಮುಂದೆ ನಿಂತಿದ್ದೆ. ಇಬ್ಬರೂ ನೋಡಿಕೊಂಡೆವು. ಮೊದಲು ನಕ್ಕವಳು ಅಮ್ಮ.

"ನೋಡಿಲ್ಲಿ." ತೋಳಿನ ಒಳಬದಿ ತಿರುವಿ ತೋರಿಸಿದಳು. ಅಂಚಿನೊಳಗೆ ಎರಡು ಬೆರಳಗಲದ ಬಟ್ಟೆ ಮಡಚಿತ್ತು. "ಬೇಕಂತ್ಲೇ ಬಿಗಿ ಮಾಡಿದ್ದೆ."

"ಬೇಕಂತ್ಲೇ?"

"ಹೂಂ ಗಿರಾಕಿಗಳಿಗೆಲ್ಲ ಹಾಗೇ ಮಾಡೋದು. ಉಹೂಂ ಗಿರಾಕಿಯ ಕಾಟ ಇಲ್ಲ, ಬಂದ ತಕ್ಷಣ ಬೈದು ಹೋಗ್ತಾನೆ, ಬಟ್ಟೆ ಒಂದೇ ಸಲಕ್ಕೆ ಸರಿಯಾಗುತ್ತೆ. ಹೂಂ ಗಿರಾಕಿ ಎಲ್ಲ ಸರಿಯಿದೆ ಅಂತಾನೆ, ಮನೆಗೆ ತಗೊಂಡು ಹೋಗ್ತಾನೆ, ಕಪಾಟಲ್ಲಿ ಇಡ್ತಾನೆ, ಒಂದಿನಾನೂ ಹಾಕ್ಕೊಳಲ್ಲ. ಅದಕ್ಕೇ ಒಂದು ಕಡೆ ಬಿಗಿ ಬಿಡೋದು. ಅವನು ಬಾಯಿ ಬಿಟ್ಟು ಇಲ್ಲಿ ಹಿಡಿಯುತ್ತೆ ಅನ್ನೋವರೆಗೂ ನಾನು ಮಷಿನ್ ಮುಟ್ಟಲ್ಲ. ಒಂದು ಹೇಳಿದ್ರೆ ಉಳಿದದ್ದೂ ಹೇಳ್ತಾನೆ."

"ನಿನಗೆ ಮೊದ್ಲೇ ಗೊತ್ತಿತ್ತಾ? ಬಂದರು ಅಂತ?"

"ಬಂದರು ಗಿಂದರು ನನಗೇನು ಗೊತ್ತು? ನಿನ್ನ ಹೂಂ ಗೊತ್ತು." ಅಮ್ಮ ಬಲತೋಳಿನ ನೂಲನ್ನೂ ಎಳೆಯತೊಡಗಿದಳು. "ಮೂರು ಟ್ರಯಲ್ಲಾಯ್ತು. ಇವತ್ತೂ ಸರಿಯಿದೆ ಅಂದಿದ್ರೆ ಮಷಿನ್ನಿಗೆ ಹಾಕ್ತಿರ್ಲಿಲ್ಲ ನಾನು. ಈ ವರ್ಷ ಎಲ್ಲಿಗೂ ಬೇಡ, ಮನೇಲಿರು ಅಂತಿದ್ದೆ. ಕಂಕುಳು ಹಿಡಿದ್ರೂ ಹೇಳದವಳನ್ನ ಗುರುತಿಲ್ಲದ ಕಡೆ ಹೇಗೆ ಕಳಿಸ್ಲಿ? ರಾತ್ರಿ ನಿದ್ದೆ ಬರ್ತಿರ್ಲಿಲ್ಲ ಗೊತ್ತಾ?"

ಎರಡೂ ತೋಳಿಲ್ಲದ ಕೋಟಿನಲ್ಲಿ ಕೈ ಮೇಲೆತ್ತಿದೆ. ಎಲ್ಲೂ ಹಿಡಿಯಲಿಲ್ಲ. ಎದೆಯೊಳಗಿಂದ ಎಷ್ಟು ದೊಡ್ಡ ಉಸಿರು ಬಂತೆಂದರೆ, ಮೇಜಿನ ಮೇಲಿದ್ದ ನೂಲಿನ ಚೂರುಗಳು ಹಾರಿಹೋದವು.

ಆಗಲೇ ಬಾಗಿಲಾಚೆ ಲೌಡ್‌ಸ್ಪೀಕರು ಕೇಳಿಸಿತು. "ಎಲ್ಲಿ ನಮ್ಮ ಹಿಮದ ರಾಣಿ? ಆಯ್ತಾ ಕೋಟು?"

ಅತ್ತೆ ಬಗ್ಗಿ ಒಳಗೆ ಬಂದವರು ನನ್ನನ್ನು ನೋಡಿ ನಿಂತುಬಿಟ್ಟರು. "ಇದೇನೇ ಇದು? ತೋಳೆಲ್ಲಿ? ಇಲಿ ತಿಂತಾ?"

ಅಮ್ಮ ನನ್ನ ಕಡೆ ನೋಡಿದಳು. ಸಹಾಯಕ್ಕೆ ಬರುವ ನೋಟವಲ್ಲ ಅದು. ಗಿರಾಕಿಯನ್ನು ನೋಡುವ ನೋಟ.

"ಅತ್ತೆ," ಎಂದೆ, "ನಾನು ಗುಡ್ಡಸೀಮೆಗೆ ಹೋಗಲ್ಲ. ಬಂದರಿಗೆ ಹೋಗ್ತೀನಿ. ಅವತ್ತೇ ಹೇಳ್ಬೇಕಿತ್ತು. ಬಟ್ಟೆ ನೋಡಿದ್ಮೇಲೆ ಹೇಳೋಕಾಗ್ಲಿಲ್ಲ. ನಿಮ್ಮ ಮನಸ್ಸಿಗೆ ನೋವಾಗುತ್ತೆ ಅಂತ."

ಅತ್ತೆ ಸ್ಟೂಲಿನ ಮೇಲೆ ಕೂತರು.

"ಬಂದರಿಗಾ? ನೀನಾ? ಅಲ್ಲಿ ಜನ ಎಷ್ಟು ಕೂಗಾಡ್ತಾರೆ ಗೊತ್ತಾ?"

"ನಿಮ್ಮಷ್ಟು ಕೂಗಾಡಲ್ಲ ಬಿಡಿ," ಎಂದೆ.

ಹೇಳಿದ ಮೇಲೆ ಗಾಬರಿಯಾಯಿತು. ಇಂಥ ಮಾತನ್ನು ನಾನು ಡೈರಿಯ ಆಚೆ ಎಂದೂ ಆಡಿದವಳಲ್ಲ. ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಅತ್ತೆ ಕಣ್ಣರಳಿಸಿ ನನ್ನನ್ನು ನೋಡಿದರು. ಮರುಗಳಿಗೆ ಅವರ ನಗು ಎಷ್ಟು ಜೋರಾಗಿ ಹೊರಟಿತೆಂದರೆ ಎದುರಿನ ಅಂಗಡಿಯವರು ಇಣುಕಿ ನೋಡಿದರು.

"ಅಯ್ಯೋ, ಇವಳಿಗೆ ಬಾಯಿದೆ ಕಣೇ! ನಾನು ಗುಡ್ಡಕ್ಕೆ ಅಂದಿದ್ದು ಬಾಯಿಲ್ಲದವಳಿಗೆ. ಬಾಯಿದ್ರೆ ಬಂದರಿಗೇ ಹೋಗ್ಲಿ, ನನಗೇನು?" ಸೆರಗಿನಿಂದ ಕಣ್ಣೊರೆಸಿಕೊಂಡು ಮೇಜಿನ ಕಡೆ ನೋಡಿದರು. ದನಿ ಸ್ವಲ್ಪ ಇಳಿಯಿತು. "ಬಟ್ಟೆ ಮಾತ್ರ ಹಾಳಾಯ್ತು."

"ಹಾಳಾಗಿಲ್ಲ ಅತ್ತಿಗೆ," ಎಂದಳು ಅಮ್ಮ. "ಎಲ್ಲ ಕಡೆ ಎರಡು ಬೆರಳು ಒಳಗೆ ಬಿಟ್ಟಿದ್ದೀನಿ. ಬನ್ನಿ, ನಿಲ್ಲಿ ಇಲ್ಲಿ."

"ನಾನಾ? ನನಗ್ಯಾಕೆ ಈಗ? ಎಲ್ಲಿಗೆ ಹೋಗ್ಲಿ ಈ ವಯಸ್ಸಲ್ಲಿ?" ಹಾಗೆನ್ನುತ್ತಲೇ ಅತ್ತೆ ಎದ್ದಿದ್ದರು. ಅಮ್ಮ ನನ್ನ ಮೈಯಿಂದ ಕೋಟು ಬಿಡಿಸಿ ಅವರಿಗೆ ತೊಡಿಸಿದಳು, ಬಿಡಿ ತೋಳುಗಳನ್ನು ಪಿನ್ನಿನಲ್ಲಿ ಸಿಕ್ಕಿಸಿದಳು. ಅತ್ತೆ ಕನ್ನಡಿಯ ಮುಂದೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿದರು.

"ಎದೆ ಬಿಗಿ. ಸೊಂಟ ಇನ್ನೂ ಬಿಗಿ. ತೋಳು ಗಿಡ್ಡ. ಈ ಕಾಲರು ಯಾರ ಕುತ್ತಿಗೆಗೆ ಮಾಡಿದ್ದು, ಕೊಕ್ಕರೆದಕ್ಕಾ? ಜೇಬು ಇನ್ನೂ ಕೆಳಗೆ ಬರ್ಲಿ. ಗುಂಡಿ ದೊಡ್ಡದು ಹಾಕು. ನೋಡ್ತಾ ಏನ್ ನಿಂತಿದ್ದೀಯ, ಬರ್ಕೋ!"

"ಇಂಥ ಗಿರಾಕಿ ಬೇಕು ನೋಡು," ಎಂದು ಅಮ್ಮ ನನಗೆ ಕಣ್ಣು ಮಿಟುಕಿಸಿ ಸೀಮೆಸುಣ್ಣ ಎತ್ತಿಕೊಂಡಳು. ಕ್ಲಿನಿಕ್ಕಿನಲ್ಲಿ ರಜೆ ಎಷ್ಟು ಉಳಿದಿದೆ ಎಂದು ಅತ್ತೆ ಗಟ್ಟಿಯಾಗಿ ಲೆಕ್ಕ ಹಾಕತೊಡಗಿದ್ದರು.

ಅವರಿಬ್ಬರ ಗಲಾಟೆ ಬೆನ್ನ ಹಿಂದೆ ನಡೆಯುತ್ತಿರುವಾಗಲೇ ನಾನು ಕಂಪ್ಯೂಟರಿನ ಮುಂದೆ ಕೂತು ಬಂದರುಸೀಮೆ ಎಂದು ಒತ್ತಿದೆ. ನಿಜವಾಗಿಯೂ ಇದೇನಾ ಎಂದು ಅದು ಇನ್ನೊಮ್ಮೆ ಕೇಳಿತು. ನಾನು ಗಟ್ಟಿಯಾಗಿಯೇ "ಹೂಂ" ಎಂದು ಮತ್ತೆ ಒತ್ತಿದೆ. ಹಿಂದೆ ಯಾರೂ ತಿರುಗಿ ನೋಡಲಿಲ್ಲ. ಅಷ್ಟು ಗದ್ದಲದಲ್ಲಿ ಯಾರಿಗೆ ಕೇಳಬೇಕು?

ಮುಂದಿನ ವಾರ ಅಮ್ಮ ನನಗಾಗಿ ತೆಳು ಹತ್ತಿಯ ಎರಡು ಅಂಗಿ ಕತ್ತರಿಸಿದಳು. ಟ್ರಯಲ್ಲಿಗೆ ನಿಂತು ಮೊದಲು ಎಡಗೈ ಎತ್ತಿದೆ, ಆಮೇಲೆ ಬಲಗೈ. ಬಗ್ಗಿದೆ, ಕೂತೆ, ಎದ್ದೆ. ಎಲ್ಲೂ ಬಿಗಿಯಿರಲಿಲ್ಲ. ಹುಡುಕಿದರೂ ಸಿಗಲಿಲ್ಲ. ಅಮ್ಮ ಪಿನ್ನು ಕಚ್ಚಿಕೊಂಡು, ಎಂದಿನ ಹಾಗೆ ಕನ್ನಡಿಯಲ್ಲಿ ನೋಡುತ್ತಾ ನಿಂತಿದ್ದಳು.

"ಏನಾದ್ರೂ ಇದೆಯಾ?"

"ಇದೆ," ಎಂದೆ. "ಜೇಬು ಚಿಕ್ಕದಾಯ್ತು. ಡೈರಿ ಹಿಡಿಯಲ್ಲ."

ಅಮ್ಮ ಜೇಬಿನೊಳಗೆ ಕೈ ಹಾಕಿ ಆಳ ನೋಡಿದಳು. "ಹೌದಲ್ವಾ," ಎಂದು ನೂಲು ಕತ್ತರಿಸಿ, ಜೇಬು ಬಿಚ್ಚಲು ಕೂತಳು.